ಹಿಮದ ರಸ್ತೆಯಲ್ಲಿ ಛಾವಣಿ ತೆರೆಯುವ ಕಾರು

ಮೊದಲ ಹಿಮ ಬೀಳುವ ಮುನ್ಸೂಚನೆ ಬಂದ ಕೂಡಲೇ ಕನ್ವರ್ಟಿಬಲ್ ಕಾರುಗಳ ಮಾಲೀಕರಲ್ಲಿ ಹೆಚ್ಚಿನವರು ಬ್ಯಾಟರಿಯ ತಂತಿ ಕಳಚಿ, ಕಾರಿನ ಮೇಲೆ ಹೊದಿಕೆ ಎಳೆದು, ವಸಂತ ಬರುವವರೆಗೆ ಅದನ್ನು ಗ್ಯಾರೇಜಿನಲ್ಲಿ ನಿಲ್ಲಿಸಿಬಿಡುತ್ತಾರೆ. ನಾನು ನಿಲ್ಲಿಸುವುದಿಲ್ಲ. ನನ್ನದು ಎರಡನೆಯ ತಲೆಮಾರಿನ ಮಾಜ್ದಾ ಎಂಎಕ್ಸ್-5. ಅದಕ್ಕೆ ಎರಡೇ ಆಸನ, ಬಟ್ಟೆಯ ಛಾವಣಿ, ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೆ. ಚಳಿಗಾಲದಲ್ಲಿ ಇದನ್ನು ಹೊರಗೆ ತೆಗೆಯುತ್ತೇನೆಂದು ಕೇಳಿದವರು ಎರಡು ಸಂಗತಿಗಳ ಬಗ್ಗೆ ಆತಂಕ ತೋರುತ್ತಾರೆ: ಒಂದು ಚಳಿ, ಇನ್ನೊಂದು ಜಾರುವಿಕೆ. ಚಳಿಗೆ ಹೀಟರ್ ಇದೆ, ಜಾರುವಿಕೆಗೆ ಸರಿಯಾದ ಟೈರ್ ಇದೆ. ಇಂಥ ಕಾರನ್ನು ನಿಜಕ್ಕೂ ತಿಂದುಹಾಕುವುದು ಹಿಮ ಕರಗಿಸಲೆಂದು ರಸ್ತೆಗೆ ಎರಚುವ ಉಪ್ಪು. ಅದರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ಮೊದಲು ಜಾರುವಿಕೆಯ ವಿಷಯ. ಹಿಂದಿನ ಚಕ್ರ ಓಡಿಸುವ ವಾಹನಗಳೆಲ್ಲ ಹಿಮದಲ್ಲಿ ಕೈಕೊಡುತ್ತವೆ ಎಂಬ ಮಾತು ಬಹುಮಟ್ಟಿಗೆ ಮುಂಭಾಗ ಭಾರವಾಗಿ ಹಿಂಭಾಗ ಖಾಲಿಯಾಗಿರುವ ವಾಹನಗಳನ್ನು ನೋಡಿ ಹುಟ್ಟಿದ್ದು. 1989ರಲ್ಲಿ ಮೊದಲು ಬಂದ ಎಂಎಕ್ಸ್-5ನ ವಿನ್ಯಾಸಕಾರರು ಎಂಜಿನ್ನನ್ನು ಮುಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಕೂರಿಸಿ, ಭಾರವನ್ನು ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮಪಾಲಾಗಿ ಹಂಚಿದ್ದರು. ಹೀಗಾಗಿ ಡಿಕ್ಕಿಯಲ್ಲಿ ಮರಳಿನ ಮೂಟೆ ಹೇರುವ ಹಳೆಯ ಉಪಾಯ ಇದಕ್ಕೆ ಬೇಕಾಗುವುದಿಲ್ಲ. ಪೆಟ್ರೋಲ್ ಟ್ಯಾಂಕನ್ನು ತುಂಬಿಸಿಟ್ಟುಕೊಂಡರೆ ಸಾಕು. ಕಾರಿನ ಒಟ್ಟು ತೂಕ ಒಂದು ಟನ್ನಿನ ಆಸುಪಾಸಿನಲ್ಲಿ ಇರುವುದರಿಂದ ವೇಗ ತಗ್ಗಿಸುವಾಗ ಅದುಮಿ ಹಿಡಿಯಬೇಕಾದ ಭಾರವೂ ಕಡಿಮೆ. ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಮೊದಲ ಎರಡು ತಲೆಮಾರುಗಳಲ್ಲಿ 2,265 ಮಿಲಿಮೀಟರ್ ಮಾತ್ರ. ಹಿಂಭಾಗ ಒಮ್ಮೆ ಅಡ್ಡ ತಿರುಗಲು ತೊಡಗಿದರೆ ಉದ್ದನೆಯ ಕಾರಿಗಿಂತ ಬೇಗನೆ ಗಿರಕಿ ಹೊಡೆಯುತ್ತದೆ, ಯೋಚಿಸಲು ಸಿಗುವ ಸಮಯವೂ ಅಷ್ಟೇ ಕಡಿಮೆ.

ಟೈರಿನ ವಿಷಯದಲ್ಲಿ ನಾನು ಯಾವ ರಾಜಿಗೂ ಸಿದ್ಧನಿಲ್ಲ. ಸ್ಪೋರ್ಟ್ಸ್ ಕಾರುಗಳಿಗೆ ಕಂಪನಿಯಿಂದಲೇ ಬರುವ ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗುತ್ತಾ ಹೋಗಿ, ರಸ್ತೆಯ ಮೇಲೆ ಹಿಮವೇ ಇಲ್ಲದಿದ್ದರೂ ಹಿಡಿತ ಕಳೆದುಕೊಳ್ಳುತ್ತದೆ. ಇನ್ನೂ ಕೊರೆವ ಚಳಿಯಲ್ಲಿ ಅಂಥ ಟೈರನ್ನು ಉರುಳಿಸಿದರೆ ಬಿರುಕು ಬಿಡಬಹುದೆಂದು ತಯಾರಕರೇ ಎಚ್ಚರಿಸುತ್ತಾರೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೆತ್ತಗಿರುತ್ತದೆ, ಅದರ ಮೈಮೇಲೆ ಬ್ಲೇಡಿನಿಂದ ಸೀಳಿದಂತಹ ನೂರಾರು ಸಣ್ಣ ಗೀರುಗಳಿರುತ್ತವೆ. ಆ ಗೀರುಗಳಲ್ಲಿ ಹಿಮ ತುಂಬಿಕೊಳ್ಳುವುದು ದೋಷವಲ್ಲ, ಅದೇ ಉದ್ದೇಶ. ಹಿಮಕ್ಕೆ ಹಿಮ ಅಂಟುವಷ್ಟು ಚೆನ್ನಾಗಿ ರಬ್ಬರು ಅಂಟುವುದಿಲ್ಲ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ ಮತ್ತು ಅದರೊಳಗೆ ಹಿಮದ ಹರಳಿನ ಗುರುತು ಇದೆಯೇ ನೋಡಬೇಕು, ಏಕೆಂದರೆ ಅದು ಹಿಮದ ಮೇಲೆ ಪರೀಕ್ಷೆಗೊಳಗಾದ ಟೈರಿಗೆ ಮಾತ್ರ ಸಿಗುವ ಗುರುತು. ಕೆಸರು ಮತ್ತು ಹಿಮವನ್ನು ಸೂಚಿಸುವ ಬರೀ ಎಂ ಪ್ಲಸ್ ಎಸ್ ಎಂಬ ಅಕ್ಷರಗಳಿಗೆ ಅಂಥ ಪರೀಕ್ಷೆಯ ಬೆಂಬಲವಿಲ್ಲ. ಅಗಲವಾದ ಟೈರು ಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಹಿಮವನ್ನು ಸೀಳಿಕೊಂಡು ಕೆಳಗಿಳಿಯುತ್ತದೆ; ಆದ್ದರಿಂದ ಕೈಪಿಡಿ ಒಪ್ಪುವ ಅಳತೆಗಳಲ್ಲಿ ಕಿರಿದಾದುದನ್ನೇ ಆರಿಸುತ್ತೇನೆ.

ನಾಲ್ಕೂ ಚಕ್ರಕ್ಕೆ ಒಂದೇ ಬಗೆಯ ಟೈರು ಹಾಕಬೇಕು. ದುಡ್ಡು ಉಳಿಸಲೆಂದು ಹಿಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ಕಾರು ಚೆನ್ನಾಗಿ ಹೊರಡುತ್ತದೆ, ಆದರೆ ಸ್ಟೀರಿಂಗ್ ತಿರುಗಿಸಿದರೂ ನೇರವಾಗಿ ಹೋಗಿ ಹಿಮದ ದಿಬ್ಬಕ್ಕೆ ನುಗ್ಗುತ್ತದೆ. ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಪೋರ್ಷ 911 ಕ್ಯಾರೆರಾ 4ರ ಕನ್ವರ್ಟಿಬಲ್‌ನಂಥ ಕಾರಿದ್ದವರು ಈ ಜಂಜಾಟದಿಂದ ಪಾರಾದೆವೆಂದು ಭಾವಿಸುವುದುಂಟು. ಆ ವ್ಯವಸ್ಥೆ ಹೊರಡಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ. ಬ್ರೇಕ್ ಒತ್ತಿದ ಮೇಲೆ ಎಲ್ಲ ಕಾರುಗಳಿಗೂ ನಾಲ್ಕೇ ಟೈರು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ ಮಾಡಿರುವುದು ನನಗಂತೂ ಸರಿಯೆನಿಸುತ್ತದೆ.

ಇನ್ನು ಓಡಿಸುವ ಕ್ರಮ. ಹೊರಡುವಾಗ ಎರಡನೆಯ ಗೇರಿನಲ್ಲಿ, ಆಕ್ಸಿಲರೇಟರನ್ನು ಮುಟ್ಟಿಯೂ ಮುಟ್ಟದಂತೆ ಒತ್ತಿ ಹೊರಡುವುದು ಎಲ್ಲರಿಗೂ ತಿಳಿದದ್ದೇ. ಅಷ್ಟಾಗಿ ಹೇಳದಿರುವ ಸಂಗತಿಯೆಂದರೆ ಗೇರ್ ಇಳಿಸುವಾಗಿನ ಅಪಾಯ. ಹಿಂದಿನ ಚಕ್ರದ ಕಾರಿನಲ್ಲಿ ಕ್ಲಚ್ಚನ್ನು ಫಕ್ಕನೆ ಬಿಟ್ಟರೆ ಎಂಜಿನ್ನಿನ ಎಳೆತವೆಲ್ಲ ಹಿಂದಿನ ಎರಡು ಚಕ್ರಗಳ ಮೇಲೇ ಬಿದ್ದು, ಯಾರೋ ಹ್ಯಾಂಡ್‌ಬ್ರೇಕ್ ಎಳೆದಂತೆ ಹಿಂಭಾಗ ಅಡ್ಡಡ್ಡ ಹೋಗುತ್ತದೆ. ಇಳಿಜಾರಿನ ತಿರುವಿನಲ್ಲಿ ಇದು ನಡೆದರೆ ಸರಿಪಡಿಸಲು ಜಾಗವೇ ಇರುವುದಿಲ್ಲ. ಹಿಂಭಾಗ ಜಾರಿದಾಗ ಅದು ಯಾವ ಕಡೆಗೆ ಹೋಗುತ್ತಿದೆಯೋ ಆ ಕಡೆಗೇ ಸ್ಟೀರಿಂಗ್ ತಿರುಗಿಸಬೇಕು ಎಂಬ ಪಾಠವನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ, ಆದರೆ ಕಾರು ನೇರವಾಗುತ್ತಿದ್ದಂತೆಯೇ ಸ್ಟೀರಿಂಗನ್ನೂ ಬಿಚ್ಚಿಕೊಳ್ಳುತ್ತ ಬರಬೇಕೆಂಬ ಉತ್ತರಾರ್ಧವನ್ನು ಮರೆಯುತ್ತಾರೆ. ಕಾರು ಎದುರು ದಿಕ್ಕಿಗೆ ಚಿಮ್ಮುವ ಎರಡನೆಯ ಓಲಾಟ ಹುಟ್ಟುವುದು ಅಲ್ಲಿಯೇ, ಅದು ಮೊದಲನೆಯದಕ್ಕಿಂತ ಜೋರಾಗಿರುತ್ತದೆ. ಖಾಲಿ ಮೈದಾನವೊಂದರಲ್ಲಿ ಅನುಮತಿ ಪಡೆದು ಇದನ್ನು ನಿಧಾನಗತಿಯಲ್ಲಿ ಅಭ್ಯಾಸ ಮಾಡುವುದು ಎಷ್ಟು ಓದಿದರೂ ಸಿಗದ ತಿಳಿವಳಿಕೆಯನ್ನು ಕೊಡುತ್ತದೆ.

ಟೈರು ಎಷ್ಟೇ ಒಳ್ಳೆಯದಿದ್ದರೂ ಹಿಮದ ಆಳಕ್ಕೆ ಪರಿಹಾರವಿಲ್ಲ. ನೆಲದಿಂದ ಒಂದು ಗೇಣಿಗೂ ಕಡಿಮೆ ಎತ್ತರದಲ್ಲಿರುವ ಕಾರಿನ ಹೊಟ್ಟೆಯಡಿ ಹಿಮ ತುರುಕಿಕೊಂಡರೆ ಚಕ್ರಗಳು ನೆಲದಿಂದ ಎದ್ದು ಸುಮ್ಮನೆ ತಿರುಗುತ್ತವೆ. ಬಹಳ ಸಲ ತಡೆಯಾಗುವುದು ರಸ್ತೆಯಲ್ಲ, ಹಿಮ ತಳ್ಳುವ ಯಂತ್ರ ಮನೆಯ ಗೇಟಿನೆದುರು ಒಟ್ಟಿಹೋದ ಗಟ್ಟಿ ದಿಂಡು. ಡಿಕ್ಕಿಯಲ್ಲಿ ಸಣ್ಣ ಸಲಿಕೆಯೊಂದು ಇರಲೇಬೇಕು.

ಛಾವಣಿಯ ಆರೈಕೆಗೆ ತಾಳ್ಮೆ ಬೇಕು. ಬೆಳಿಗ್ಗೆ ಬಟ್ಟೆಯ ಮೇಲೆ ಕುಳಿತ ಹಿಮವನ್ನು ಮೃದುವಾದ ಕುಂಚದಿಂದ ಮೇಲುಮೇಲಕ್ಕೆ ಸರಿಸಿ, ಕೊನೆಯ ತೆಳುಪದರವನ್ನು ಹಾಗೆಯೇ ಬಿಟ್ಟು, ಒಳಗೆ ಹೀಟರ್ ಹಾಕಿ ಕಾಯುತ್ತೇನೆ. ಸ್ವಲ್ಪ ಹೊತ್ತಿಗೆ ಆ ಪದರ ತಾನಾಗಿ ಸಡಿಲಗೊಂಡು ಹಾಳೆಯಂತೆ ಜಾರುತ್ತದೆ. ಗಾಜು ಕೆರೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ಬಟ್ಟೆಗೆ ತಾಗಿಸಿದರೆ ಹೊಲಿಗೆ ಎದ್ದು ಬರುತ್ತದೆ. ಚೌಕಟ್ಟಿಲ್ಲದ ಕಿಟಕಿಗಾಜು ರಬ್ಬರಿಗೆ ಹೆಪ್ಪುಗಟ್ಟಿ ಅಂಟಿಕೊಳ್ಳುವುದು ಇನ್ನೊಂದು ಕಿರಿಕಿರಿ. ಇಂದಿನ ಅನೇಕ ಕನ್ವರ್ಟಿಬಲ್‌ಗಳಲ್ಲಿ ಬಾಗಿಲಿನ ಹಿಡಿ ಎಳೆದಾಗ ಗಾಜು ತಾನಾಗಿ ಒಂದಿಷ್ಟು ಕೆಳಗಿಳಿಯಬೇಕು. ಅಂಟಿಕೊಂಡು ಇಳಿಯದಿದ್ದಾಗ ಬಾಗಿಲನ್ನು ಜಗ್ಗಿದರೆ ರಬ್ಬರು ಹರಿಯುತ್ತದೆ. ಚಳಿಗಾಲಕ್ಕೆ ಮೊದಲೇ ರಬ್ಬರಿಗೆಲ್ಲ ಸಿಲಿಕೋನ್ ಗ್ರೀಸಿನ ತೆಳುಲೇಪ ಕೊಟ್ಟರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. (ಮೊದಲ ತಲೆಮಾರಿನ ಎಂಎಕ್ಸ್-5 ಇರುವವರಿಗೆ ಮೇಲೇಳುವ ಹೆಡ್‌ಲೈಟುಗಳ ಗೋಳು ಬೇರೆ. ಅವು ಮಂಜುಗಡ್ಡೆಯಡಿ ಅಂಟಿಕೊಂಡಿರುವಾಗ ಸ್ವಿಚ್ ಒತ್ತಿದರೆ ಮೋಟರ್ ಒದ್ದಾಡುತ್ತದೆ, ಮೊದಲು ಗಡ್ಡೆ ಬಿಡಿಸುವುದೇ ಲೇಸು.)

ಚಳಿಯಲ್ಲಿ ಛಾವಣಿ ತೆರೆಯಬಹುದೇ? ತೆರೆಯಬಹುದು, ಆದರೆ ಮರಗಟ್ಟಿದ ಬಟ್ಟೆಯನ್ನು ಮಡಚಬಾರದು. ಮೊದಲ ತಲೆಮಾರಿನಲ್ಲಿ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದಾಗಿದ್ದು, ಶೀತದಲ್ಲಿ ಮಡಚಿದರೆ ಅದು ಸೀಳಿಹೋಗುತ್ತಿತ್ತು. ಎರಡನೆಯದರಲ್ಲಿ ಗಾಜು ಬಂದಮೇಲೆ ಆ ಭಯ ಹೋಯಿತು. ಆದರೂ ನಾನು ಮುಚ್ಚಿದ ಛಾವಣಿಯಲ್ಲೇ ಸಾಕಷ್ಟು ದೂರ ಹೋಗಿ, ಕಾರಿನ ಒಳಭಾಗದೊಂದಿಗೆ ಬಟ್ಟೆಯೂ ಬೆಚ್ಚಗಾದ ಮೇಲೆ, ಒಣ ಬಿಸಿಲಿನ ದಿನಗಳಲ್ಲಿ ಮಾತ್ರ ತೆರೆಯುತ್ತೇನೆ. ಕಿಟಕಿಗಾಜುಗಳನ್ನು ಏರಿಸಿ, ಆಸನಗಳ ಹಿಂದೆ ಗಾಳಿತಡೆ ನಿಲ್ಲಿಸಿ, ಹೀಟರನ್ನು ಪೂರ್ತಿಯಾಗಿ ಕಾಲಿನ ಕಡೆಗೆ ತಿರುಗಿಸಿದರೆ ಗಾಳಿ ತಲೆಯ ಮೇಲಿನಿಂದ ಹಾದುಹೋಗುತ್ತದೆ. ಚಳಿ ತಟ್ಟುವುದು ಹಣೆಗೆ ಮತ್ತು ಕಿವಿಗೆ ಮಾತ್ರ, ಅದಕ್ಕೊಂದು ಉಣ್ಣೆಯ ಟೋಪಿ ಸಾಕು. ಮರ್ಸಿಡಿಸ್ ಸಂಸ್ಥೆ 2004ರ ಎಸ್‌ಎಲ್‌ಕೆ ಕಾರಿನಲ್ಲಿ ಆಸನದ ತಲೆದಿಂಬಿನಿಂದಲೇ ಕುತ್ತಿಗೆಗೆ ಬಿಸಿಗಾಳಿ ಬೀಸುವ ವ್ಯವಸ್ಥೆ ತಂದದ್ದು ಇದೇ ಸುಖಕ್ಕಾಗಿ. ಹಿಮ ಬೀಳುತ್ತಿರುವಾಗ ತೆರೆದಿಟ್ಟು ಓಡಿಸುವವರೂ ಇದ್ದಾರೆ. ವೇಗವಿರುವಷ್ಟು ಹೊತ್ತು ಹರಳುಗಳು ಮೇಲಿನಿಂದಲೇ ಹಾರಿಹೋಗುತ್ತವೆ, ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಎಲ್ಲವೂ ಮಡಿಲಿಗೆ ಬೀಳುತ್ತವೆ.

ಈಗ ಉಪ್ಪು. ಸಾಮಾನ್ಯ ಉಪ್ಪು ಶೂನ್ಯಕ್ಕಿಂತ ಸುಮಾರು 9 ಡಿಗ್ರಿ ಕೆಳಗಿನವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಚಳಿಯಿರುವಲ್ಲಿ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಕ್ಲೋರೈಡ್ ಬಳಸುತ್ತಾರೆ. ಇವೆರಡೂ ಗಾಳಿಯ ತೇವವನ್ನು ಹೀರಿಕೊಂಡು ಒದ್ದೆಯಾಗಿಯೇ ಉಳಿಯುವುದರಿಂದ ಉಕ್ಕಿನ ಮೇಲೆ ಇವುಗಳ ಕೆಲಸ ನಿಲ್ಲುವುದೇ ಇಲ್ಲ. ಎಂಎಕ್ಸ್-5ನ ಹಳೆಯ ತಲೆಮಾರುಗಳಿಗೆ ಇದರ ಮೇಲೆ ಇನ್ನೊಂದು ದೌರ್ಬಲ್ಯವಿದೆ. ಛಾವಣಿಯ ಮೇಲೆ ಬಿದ್ದ ನೀರು ಆಸನಗಳ ಹಿಂದಿನ ಎರಡು ಮೂಲೆಗಳಲ್ಲಿರುವ ರಂಧ್ರಗಳ ಮೂಲಕ ಇಳಿದು ಕಾರಿನ ಅಡಿಯಿಂದ ಹೊರಹೋಗಬೇಕು. ಕೊಳೆತ ಎಲೆ, ಧೂಳು ಸೇರಿ ಆ ದಾರಿ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಪೊಳ್ಳು ಉಕ್ಕಿನೊಳಗೆ ನಿಂತು, ಒಳಗಿನಿಂದ ಹೊರಕ್ಕೆ ತುಕ್ಕು ಹಿಡಿಯುತ್ತದೆ. ಹಿಂದಿನ ಚಕ್ರದ ಮುಂದುಗಡೆ ಬಣ್ಣದಡಿ ಗುಳ್ಳೆ ಕಾಣಿಸಿಕೊಳ್ಳುವ ವೇಳೆಗೆ ಒಳಗೆ ಉಳಿದಿರುವ ಲೋಹ ಅಲ್ಪವೇ. ಪರೀಕ್ಷೆ ಸುಲಭ. ಆ ಮೂಲೆಗೆ ಒಂದು ಲೋಟ ನೀರು ಸುರಿದು ಬಗ್ಗಿ ನೋಡಿದರೆ ಹಿಂದಿನ ಚಕ್ರದ ಬಳಿ ಅದು ಧಾರಾಳವಾಗಿ ಸುರಿಯಬೇಕು. ತೊಟ್ಟಿಕ್ಕಿದರೆ ದಾರಿ ಕಟ್ಟಿದೆ ಎಂದರ್ಥ.

ಚಳಿಗಾಲಕ್ಕೆ ಮುನ್ನ ಆ ಪೊಳ್ಳುಭಾಗಗಳಿಗೆ ಮೇಣ ಬೆರೆತ ಎಣ್ಣೆಯನ್ನು ಸಿಂಪಡಿಸುವುದು, ತಾಪಮಾನ ಶೂನ್ಯದ ಮೇಲೇರಿದ ದಿನಗಳಲ್ಲಿ ಅಡಿಭಾಗವನ್ನು ನೀರಿನಿಂದ ತೊಳೆಯುವುದು, ಇವೆರಡನ್ನು ಬಿಟ್ಟರೆ ಬೇರೆ ಮದ್ದಿಲ್ಲ. ಉಪ್ಪು ಮೆತ್ತಿದ ಕಾರನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸುವುದು ಕರುಣೆಯಂತೆ ಕಂಡರೂ ತುಕ್ಕಿಗೆ ಬೇಕಾದ ಶಾಖ ಮತ್ತು ತೇವ ಎರಡನ್ನೂ ಒದಗಿಸಿಕೊಟ್ಟಂತೆಯೇ ಸರಿ. ಆದ್ದರಿಂದಲೇ ತುಕ್ಕು ಕಾಣದ ಮೊದಲ ತಲೆಮಾರಿನ ಕಾರು ಯಾರ ಬಳಿಯಾದರೂ ಇದ್ದರೆ ಅದನ್ನು ಉಪ್ಪಿನ ರಸ್ತೆಗೆ ಇಳಿಸಬೇಡಿ ಎನ್ನುತ್ತೇನೆ, ಅಂಥವು ಕಡಿಮೆಯಾಗುತ್ತಿವೆ. ನನ್ನದು ಆಗಲೇ ಒಂದೆರಡು ಕಡೆ ಉಕ್ಕಿನ ತೇಪೆ ಹಾಕಿಸಿಕೊಂಡಿರುವ ಕಾರು, ಅದಕ್ಕೆ ಆ ಮಡಿವಂತಿಕೆಯಿಲ್ಲ.

ತಾಪಮಾನ ಮತ್ತೆ 7 ಡಿಗ್ರಿಯ ಮೇಲೆ ನಿಂತಾಗ ಚಳಿಗಾಲದ ಟೈರನ್ನು ಕಳಚಲೇಬೇಕು, ಏಕೆಂದರೆ ಆ ಮೆತ್ತನೆಯ ರಬ್ಬರು ಬೆಚ್ಚಗಿನ ರಸ್ತೆಯಲ್ಲಿ ಬೇಗ ಸವೆಯುವುದಲ್ಲದೆ ಬ್ರೇಕ್ ಹಾಕಿದಾಗ ಕಾರು ನಿಲ್ಲುವ ದೂರವನ್ನೂ ಹೆಚ್ಚಿಸುತ್ತದೆ. ಕಾರು ಜಾಕಿನ ಮೇಲಿರುವ ಆ ಹೊತ್ತಿನಲ್ಲೇ ಟಾರ್ಚು ಹಿಡಿದು ಮಲಗಿ, ಬಾಗಿಲ ಕೆಳಗಿನ ಉಕ್ಕನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟುತ್ತ ಹೋಗುತ್ತೇನೆ. ಗಟ್ಟಿ ಸದ್ದು ಬಂದರೆ ಮುಂದಿನ ಚಳಿಗಾಲಕ್ಕೂ ಇದೇ ಕಾರು. ಮಂದವಾಗಿ ಕೇಳಿಸಿದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ ವೆಲ್ಡಿಂಗ್ ಮಾಡುವವರ ಬಳಿಗೆ ಒಯ್ಯುತ್ತೇನೆ.