ಮಲ್ಲನಿಗೂ ಗುಂಡಮ್ಮನಿಗೂ ಬೇರೆ ಮನೆ: ಕೆಲಸ ಎಲ್ಲಿಗೆ ಬಂತು

ಗೂಡು ಬೇರೆ ಮಾಡುವ ಕೆಲಸ ಮುಕ್ಕಾಲು ಪಾಲು ಮುಗಿದಿದೆ. ಗುಂಡಮ್ಮ ನಮ್ಮ ಗಿನಿ ಪಿಗ್. ಅವಳ ಮನೆ ಪೂರ್ತಿ ತಯಾರು, ಜೊತೆಗೆ ಇನ್ನೊಂದು ಗಿನಿ ಪಿಗ್ ಕೂಡ ಬಂದಿದೆ. ಮಲ್ಲ, ಅಂದರೆ ಮೊಲರಾಯ, ಇನ್ನೂ ಒಂಟಿ. ಅವನ ಕಡೆಯ ಕೆಲಸವೇ ಈಗ ಬಾಕಿ ಇರುವುದು.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ಇಬ್ಬರೂ ಒಂದೇ ಗೂಡಿನಲ್ಲಿದ್ದವರು, ಹಾಗೇ ಜೋಡಿಯಾಗಿ ನಮ್ಮ ಮನೆಗೆ ಬಂದರು. ಹಿಂದೆ ಸಾಕಿದ್ದವರು "ಇವು ತುಂಬಾ ಫ್ರೆಂಡ್ಸ್" ಅಂದಿದ್ದರು. ನೋಡುವುದಕ್ಕೆ ಹಾಗೇ ಕಾಣುತ್ತಿತ್ತು ಕೂಡ. ಮೂಲೆಯಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗುತ್ತಿದ್ದರು. ಆದರೆ ಎರಡೂ ಗುಂಪಿನಲ್ಲಿ ಬಾಳುವ ಪ್ರಾಣಿಗಳು. ತನ್ನ ಜಾತಿಯವರು ಯಾರೂ ಇಲ್ಲದಿದ್ದರೆ, ಇದ್ದವರ ಪಕ್ಕದಲ್ಲೇ ಮಲಗಬೇಕಲ್ವಾ? ಇದನ್ನು ಸ್ನೇಹ ಅಂದುಕೊಳ್ಳುವ ಮೊದಲು ಉಳಿದ ಹೊತ್ತಿನಲ್ಲಿ ಏನು ನಡೆಯುತ್ತದೆ ಅಂತ ನೋಡೋಣ ಎಂದು ಗೂಡಿನ ಮೇಲೊಂದು ಹಳೇ ಫೋನ್ ಇಟ್ಟು ವಿಡಿಯೋ ಮಾಡಿದೆ.

ವಿಡಿಯೋದಲ್ಲಿ ಕಂಡದ್ದು

ಮಲ್ಲ ಗುಂಡಮ್ಮನ ಮುಂದೆ ಬಂದು ತಲೆ ನೆಲಕ್ಕೆ ತಗ್ಗಿಸಿ ಕೂರುತ್ತಾನೆ. ಮೊಲಗಳ ನಡುವೆ ಇದಕ್ಕೆ ಅರ್ಥ ಇದೆ: "ನನ್ನ ತಲೆ ನೆಕ್ಕು." ಇನ್ನೊಂದು ಮೊಲ ಆಗಿದ್ದರೆ ನೆಕ್ಕುತ್ತಿತ್ತು, ಇಲ್ಲವೇ ತಾನೂ ತಲೆ ತಗ್ಗಿಸುತ್ತಿತ್ತು. ಗಿನಿ ಪಿಗ್‌ಗಳು ಒಂದನ್ನೊಂದು ಹಾಗೆ ನೆಕ್ಕಿ ಉಪಚಾರ ಮಾಡುವುದು ಕಡಿಮೆ. ಗುಂಡಮ್ಮ ತನ್ನ ಪಾಡಿಗೆ ಹುಲ್ಲು ತಿನ್ನುತ್ತಿರುತ್ತಾಳೆ. ಕಾದು ಕಾದು ಮಲ್ಲ ಅವಳನ್ನು ಮೂತಿಯಿಂದ ತಿವಿಯುತ್ತಾನೆ, ಆಮೇಲೆ ಸಣ್ಣಗೆ ಕಚ್ಚುತ್ತಾನೆ. ಅವಳು ಹಲ್ಲು ಕಟಕಟ ಅನ್ನಿಸುತ್ತಾಳೆ. ಗಿನಿ ಪಿಗ್‌ಗಳಲ್ಲಿ ಅದು "ದೂರ ಹೋಗು" ಅನ್ನುವ ಎಚ್ಚರಿಕೆ. ಮೊಲವೂ ಹಲ್ಲು ಮಸೆಯುತ್ತದೆ, ಆದರೆ ಮೆತ್ತಗೆ ಮಸೆದರೆ ಅದಕ್ಕೆ ಹಿತವಾಗಿದೆ ಅಂತ. ಅವಳು ಹೋಗು ಅಂದದ್ದು ಇವನಿಗೆ ಯಾವ ಲೆಕ್ಕಕ್ಕೂ ಬರುವುದಿಲ್ಲ, ಅಲ್ಲೇ ಕೂತಿರುತ್ತಾನೆ.

ಗಿನಿ ಪಿಗ್ ಮಾತಿನ ಪ್ರಾಣಿ. ಹಸಿವಾದರೆ ಕೀ ಕೀ ಎಂದು ಕೂಗುತ್ತದೆ, ಖುಷಿಯಾದರೆ ಗುರುಗುಟ್ಟುತ್ತದೆ, ಹೊಸ ಜಾಗ ನೋಡುವಾಗ ಸುಮ್ನೆ ಏನೋ ಗೊಣಗುತ್ತಾ ಹೋಗುತ್ತದೆ. ಮೊಲ ಹೆಚ್ಚು ಕಡಿಮೆ ಮೂಕ. ಕಿವಿ, ಬಾಲ, ಕೂರುವ ಭಂಗಿಯಲ್ಲೇ ಎಲ್ಲ ಹೇಳುತ್ತದೆ. ಅಪಾಯ ಅನ್ನಿಸಿದರೆ ಹಿಂಗಾಲಿನಿಂದ ನೆಲ ಬಡಿಯುತ್ತದೆ. ಒಂದರ ಹೆದರಿಕೆ ಇನ್ನೊಂದಕ್ಕೆ ಬರೀ ಗದ್ದಲ.

ಇದಕ್ಕಿಂತ ನನ್ನನ್ನು ಹೆದರಿಸಿದ್ದು ಇನ್ನೊಂದು ದೃಶ್ಯ. ಮಲ್ಲನಿಗೆ ಮರಿಯಾಗದಂತೆ ಮಾಡುವ ಆಪರೇಷನ್ ಆಗಿರಲಿಲ್ಲ. ಆಗಾಗ ಗುಂಡಮ್ಮನ ಮೇಲೆ ಹತ್ತಲು ನೋಡುತ್ತಿದ್ದ. ಅವನ ತೂಕ ಅವಳ ಎರಡರಷ್ಟಕ್ಕಿಂತ ಜಾಸ್ತಿ. ಬೆಳೆದ ಗಿನಿ ಪಿಗ್ ಸಾಮಾನ್ಯವಾಗಿ 700 ಗ್ರಾಂನಿಂದ 1200 ಗ್ರಾಂ ತೂಗುತ್ತದೆ. ಮೊಲದ ಹಿಂಗಾಲು ಇರುವುದೇ ಜೋರಾಗಿ ಒದ್ದು ಓಡುವುದಕ್ಕೆ. ಅವನಿಗೆ ಸಿಟ್ಟು ಬರಬೇಕು ಅಂತೇನಿಲ್ಲ, ಗಾಬರಿಯಾಗಿ ಜಿಗಿದರೂ ಸಾಕು, ಒಂದೇ ಒದೆತಕ್ಕೆ ಗಿನಿ ಪಿಗ್‌ನ ಪಕ್ಕೆಲುಬು ಅಥವಾ ಬೆನ್ನುಮೂಳೆ ಮುರಿಯಬಹುದು. ಮೊಲವೇ ಯಾವಾಗಲೂ ರೌಡಿ ಅಂತಲೂ ಅಲ್ಲ. ಗಿನಿ ಪಿಗ್ ಮೊಲದ ಕೂದಲು ಜಗಿಯುವುದು, ಬೆನ್ನಟ್ಟುವುದು ಎಲ್ಲ ಇದೆ. ಆದರೆ ಪೆಟ್ಟಾದರೆ ಸಾಯುವುದು ಚಿಕ್ಕದೇ.

ಜಾಲರಿ ಬಿಟ್ಟು ಗೋಡೆ ಹಿಡಿದದ್ದು

ನನ್ನ ಮೊದಲ ನಕ್ಷೆಯಲ್ಲಿ ಇದ್ದದ್ದು ಒಂದೇ ದೊಡ್ಡ ಆವರಣ, ನಡುವೆ ಜಾಲರಿ. ಒಬ್ಬರನ್ನೊಬ್ಬರು ನೋಡುತ್ತಾ ಇರಲಿ, ಒದೆತ ಮಾತ್ರ ತಪ್ಪಲಿ ಅನ್ನುವ ಲೆಕ್ಕ. ಗ್ರಿಡ್, ಕೇಬಲ್ ಟೈ ಎಲ್ಲ ಬಂದಿತ್ತು. ಆಪರೇಷನ್ ವಿಚಾರ ಕೇಳಲು ಪ್ರಾಣಿಗಳ ಡಾಕ್ಟರ್ ಹತ್ತಿರ ಹೋದಾಗ ನಕ್ಷೆ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೊಲ ಸೀನಿದರೆ ಜಾಲರಿ ತಡೆಯುತ್ತಾ?"

ವಿಷಯ ಬೋರ್ಡೆಟೆಲ್ಲಾ ಬ್ರಾಂಕೈಸೆಪ್ಟಿಕಾ ಅನ್ನುವ ಬ್ಯಾಕ್ಟೀರಿಯಾದ್ದು. ತುಂಬಾ ಮೊಲಗಳ ಮೂಗು, ಗಂಟಲಿನಲ್ಲಿ ಇದು ಸುಮ್ನೆ ಇರುತ್ತದೆ. ಮೊಲಕ್ಕೆ ಏನೂ ಆಗಿರುವುದಿಲ್ಲ, ಚೆನ್ನಾಗಿ ತಿಂದುಂಡು ಓಡಾಡಿಕೊಂಡಿರುತ್ತದೆ. ಅದೇ ಬ್ಯಾಕ್ಟೀರಿಯಾ ಗಿನಿ ಪಿಗ್‌ನ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಮೂಗು, ಕಣ್ಣು ಸೋರುವುದು, ಕೂದಲು ಕೆದರಿಕೊಂಡು ಮೂಲೆ ಹಿಡಿಯುವುದು, ಉಸಿರಾಡಲು ಒದ್ದಾಡುವುದು, ಊಟ ಬಿಡುವುದು. ಕೆಲವೊಮ್ಮೆ ಲಕ್ಷಣ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಇದು ಹರಡುವುದು ಸೀನು, ಕೆಮ್ಮಿನ ಹನಿಗಳಿಂದ, ಮತ್ತು ನಮ್ಮ ಕೈ, ಬಟ್ಟೆ, ನೀರಿನ ಬಾಟಲಿಯಿಂದಲೂ. ನಾಯಿ, ಬೆಕ್ಕುಗಳಲ್ಲೂ ಈ ಬ್ಯಾಕ್ಟೀರಿಯಾ ಇರಬಹುದು.

ಚಿಕಿತ್ಸೆಯೂ ಸಲೀಸಲ್ಲ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಜಾತಿಯ ಔಷಧವನ್ನು ಬಾಯಿಗೆ ಹಾಕಿದರೆ ಗಿನಿ ಪಿಗ್ ಮತ್ತು ಮೊಲ ಎರಡರ ಕರುಳಿನಲ್ಲೂ ಬೇಕಾದ ಬ್ಯಾಕ್ಟೀರಿಯಾ ಸತ್ತು, ಬೇಡದ್ದು ಬೆಳೆದು, ಪ್ರಾಣವೇ ಹೋಗಬಹುದು. ಮನೆಯಲ್ಲಿ ಮಿಕ್ಕಿರುವ ಮಾತ್ರೆ ಪುಡಿ ಮಾಡಿ ಕೊಡುವವರು ಇದ್ದಾರೆ. ದಯವಿಟ್ಟು ಬೇಡ.

ಹಾಗಾಗಿ ಜಾಲರಿ ನಕ್ಷೆ ಅಲ್ಲಿಗೇ ಮುಗಿಯಿತು. ಈಗ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿದ್ದಾರೆ. ಬಾಟಲಿ, ಬಟ್ಟಲು, ಗುಡಿಸುವ ಬ್ರಷ್ ಎಲ್ಲ ಬೇರೆ. ನೀಲಿ ಟೇಪ್ ಸುತ್ತಿದ್ದು ಮಲ್ಲನದು, ಹಳದಿ ಗುಂಡಮ್ಮನದು. ಬೆಳಿಗ್ಗೆ ಮೊದಲು ಗಿನಿ ಪಿಗ್ ಕೆಲಸ, ಆಮೇಲೆ ಮೊಲದ್ದು. ವಾಪಸ್ ಗಿನಿ ಪಿಗ್ ಮುಟ್ಟಬೇಕಾದರೆ ಸೋಪು ಹಾಕಿ ಕೈ ತೊಳೆದು, ಮೇಲಂಗಿ ಬದಲಿಸಿಯೇ. ಮಗಳಿಗೆ ಈ ಕ್ರಮ ನನಗಿಂತ ಚೆನ್ನಾಗಿ ಅಭ್ಯಾಸವಾಗಿದೆ.

ತಂದಿದ್ದ ಗ್ರಿಡ್ ವ್ಯರ್ಥವಾಗಲಿಲ್ಲ, ಗುಂಡಮ್ಮನ ಆವರಣಕ್ಕೆ ಬಂತು. ಒಂದು ಎಚ್ಚರಿಕೆ: ಗ್ರಿಡ್‌ನ ಕಂಡಿ ಒಂದೂವರೆ ಇಂಚಿಗಿಂತ ದೊಡ್ಡದಿದ್ದರೆ ಗಿನಿ ಪಿಗ್ ತಲೆ ತೂರಿಸಿ ಸಿಕ್ಕಿಹಾಕಿಕೊಳ್ಳಬಹುದು. ಮರಿಗಳಿಗೆ ಅದೂ ದೊಡ್ಡದೇ. ಕೇಬಲ್ ಟೈ ಬಾಲಗಳನ್ನು ಬುಡದಲ್ಲೇ ಕತ್ತರಿಸಿ, ಚೂಪು ತುದಿ ಹೊರಗೆ ಬರುವ ಹಾಗೆ ತಿರುಗಿಸಿದ್ದೇನೆ.

ಊಟದ ಲೆಕ್ಕ

ಒಟ್ಟಿಗೆ ಇದ್ದಾಗ ದಿನಾ ತಲೆನೋವು ಕೊಡುತ್ತಿದ್ದದ್ದು ಇದು. ಎರಡಕ್ಕೂ ಒಣಹುಲ್ಲೇ ಮುಖ್ಯ ಊಟ. ಎರಡರ ಹಲ್ಲೂ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ, ಹುಲ್ಲು ಅಗಿದರೇ ಸವೆಯುವುದು. ಇಲ್ಲಿವರೆಗೆ ಜಗಳವಿಲ್ಲ.

ವ್ಯತ್ಯಾಸ ವಿಟಮಿನ್ ಸಿ ಯಲ್ಲಿದೆ. ಮೊಲ ಅದನ್ನು ತನ್ನ ಮೈಯಲ್ಲೇ ತಯಾರಿಸಿಕೊಳ್ಳುತ್ತದೆ. ಗಿನಿ ಪಿಗ್‌ಗೆ ಆಗುವುದಿಲ್ಲ, ನಮ್ಮ ಹಾಗೆ ಊಟದಿಂದಲೇ ಬರಬೇಕು. ತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಅಂತ ಲೆಕ್ಕ, ಬಸುರಿಯಾದರೆ ಮೇಲಿನ ಸಂಖ್ಯೆಯೇ ಬೇಕು. ಕೊರತೆಯಾದರೆ ಸ್ಕರ್ವಿ: ಕೀಲು ಊದಿ ನಡೆಯಲು ನೋವು, ಒಸಡಿನಲ್ಲಿ ರಕ್ತ, ಒರಟು ಕೂದಲು. ಮೊಲದ ಪೆಲೆಟ್‌ನಲ್ಲಿ, ಅಂದರೆ ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ತಿನಿಸಿನಲ್ಲಿ, ಇದನ್ನು ಸೇರಿಸಿರುವುದಿಲ್ಲ. ಒಂದೇ ಬಟ್ಟಲು ಇಟ್ಟರೆ ಗಿನಿ ಪಿಗ್ ಹೊಟ್ಟೆ ತುಂಬಾ ತಿಂದೂ ಕಾಯಿಲೆ ಬೀಳಬಹುದು.

ಗಿನಿ ಪಿಗ್ ಪೆಲೆಟ್‌ನಲ್ಲೂ ವಿಟಮಿನ್ ಸಿ ಕಾಲ ಕಳೆದಂತೆ ಕರಗುತ್ತದೆ. ಅದಕ್ಕೆ ಚೀಲದ ಮೇಲಿನ ತಯಾರಾದ ದಿನಾಂಕ ನೋಡಿ, ಮೂರು ತಿಂಗಳೊಳಗೆ ಮುಗಿಯುವಷ್ಟೇ ತರುತ್ತೇನೆ. ನೀರಿಗೆ ಹನಿ ಹಾಕುವ ವಿಧಾನ ನನಗೆ ಹಿಡಿಸಲಿಲ್ಲ. ಬೆಳಕು ತಾಗಿ ಬೇಗ ಹಾಳಾಗುತ್ತದೆ, ರುಚಿ ಬದಲಾದರೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತವೆ. ದಿನಾ ಒಂದು ತುಂಡು ದಪ್ಪ ಮೆಣಸಿನಕಾಯಿ ಕೊಡುವುದು ಸುಲಭ. ಕೆಂಪಗಿರುವುದರಲ್ಲಿ ಹಸಿರಿಗಿಂತ ವಿಟಮಿನ್ ಸಿ ಜಾಸ್ತಿ. ಬೇರೆ ಮಾಡಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು: ಗುಂಡಮ್ಮ ಈಗ ನಿಧಾನವಾಗಿ, ಕೂತು ತಿನ್ನುತ್ತಾಳೆ. ಮೊದಲು ತುಂಡು ಕಚ್ಚಿಕೊಂಡು ಮೂಲೆಗೆ ಓಡುತ್ತಿದ್ದಳು.

ಗುಂಡಮ್ಮನ ಕಡೆ

ಬರೀ ಬೇರೆ ಮಾಡಿಬಿಟ್ಟರೆ ಎರಡೂ ಒಂಟಿ ಆಗುತ್ತವೆ, ಅದು ಇನ್ನೊಂದು ಕಷ್ಟ. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಗಿನಿ ಪಿಗ್ ಒಂದನ್ನೇ ಸಾಕುವುದು ಕಾನೂನಿಗೆ ವಿರುದ್ಧ. ನಾನು ಆ ಕಾನೂನಿನ ಕಡೆಯವನೇ. ಹಾಗಾಗಿ ಹುಡುಕಿ ತಂದದ್ದು ಚಿನ್ನಿಯನ್ನು. ವಯಸ್ಸಿನಲ್ಲಿ ಚಿಕ್ಕವಳು.

ಹೆಣ್ಣೇ ಹೌದಾ ಅಂತ ಡಾಕ್ಟರ್ ಹತ್ತಿರ ಖಚಿತ ಮಾಡಿಸಿದ ಮೇಲೆಯೇ ಮುಂದಿನ ಹೆಜ್ಜೆ. ಗಿನಿ ಪಿಗ್ ಮರಿಗಳ ಲಿಂಗ ತಪ್ಪು ಹೇಳುವುದು ಸಾಮಾನ್ಯ. ಇನ್ನೊಂದು ಅನುಮಾನ, ಬರುವಾಗಲೇ ಬಸುರಿ ಇರಬಹುದೇ ಅಂತ. ಅವುಗಳ ಗರ್ಭದ ಅವಧಿ 59ರಿಂದ 72 ದಿನ. ಅದಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರ ವಾರ ತೂಕ ಬರೆದಿಡುತ್ತಿದ್ದೇನೆ. ಈ ಅಭ್ಯಾಸ ಎಲ್ಲರಿಗೂ ಒಳ್ಳೆಯದು. ಈ ಪ್ರಾಣಿಗಳು ಕಾಯಿಲೆ ಮುಚ್ಚಿಡುತ್ತವೆ, ತೂಕ ಮಾತ್ರ ಮುಚ್ಚಿಡಲು ಆಗುವುದಿಲ್ಲ.

ಕೆಲವು ವಾರ ಬೇರೆ ಕೋಣೆಯಲ್ಲಿಟ್ಟು, ಸೀನು, ಹುಳ, ಕಜ್ಜಿ ಇಲ್ಲ ಅಂತ ನೋಡಿಕೊಂಡ ಮೇಲೆ ಇಬ್ಬರನ್ನೂ ಯಾರದೂ ಅಲ್ಲದ ಜಾಗದಲ್ಲಿ ಬಿಟ್ಟೆವು. ನೆಲದ ಮೇಲೆ ಫ್ಲೀಸ್ ಬಟ್ಟೆ, ನಡುವೆ ಹುಲ್ಲಿನ ದೊಡ್ಡ ರಾಶಿ. ಅಡಗುವ ಡಬ್ಬಗಳಿಗೆ ಎರಡೆರಡು ಬಾಗಿಲು, ಯಾರೂ ಒಳಗೆ ಸಿಕ್ಕಿಬೀಳದಂತೆ. ಗುಂಡಮ್ಮ ಸೊಂಟ ತಿರುಗಿಸುತ್ತಾ, ಗುಡುಗುಡು ಅನ್ನುತ್ತಾ ಸುತ್ತು ಹೊಡೆದಳು. ಹಿಂದೆ ಹಿಂದೆ ಓಡಿಸಿದಳು. ಚಿನ್ನಿ ಕಿರುಚಿದಳು. ಇದೆಲ್ಲ ಮಾಮೂಲಿ. ಯಾರು ದೊಡ್ಡವರು ಅನ್ನುವುದು ಅವುಗಳಲ್ಲೇ ತೀರ್ಮಾನವಾಗಬೇಕು. ರಕ್ತ ಬಂದರೆ ಮಾತ್ರ ಬಿಡಿಸಬೇಕು ಅಂತ ಟವೆಲ್ ಹಿಡಿದು ಕೂತಿದ್ದೆ, ಬೇಕಾಗಲಿಲ್ಲ. ಕೊನೆಗೆ ಇಬ್ಬರೂ ಒಂದೇ ರಾಶಿಯಲ್ಲಿ ಹುಲ್ಲು ತಿಂದರು. ಗುಂಡಮ್ಮ ಕೂಗಿದರೆ ಇನ್ನೊಂದು ಗಂಟಲು ಉತ್ತರ ಕೊಟ್ಟಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ಈಗ ಫ್ರಿಜ್ ಬಾಗಿಲು ತೆಗೆದರೆ ಎರಡು ಸೈರನ್.

ಮಲ್ಲನ ಕಡೆ

ಆಪರೇಷನ್ ಆಗಿದೆ, ಗಾಯ ಒಣಗಿದೆ. ಮೊಲಗಳನ್ನು ಆಪರೇಷನ್‌ಗೆ ಮೊದಲು ಉಪವಾಸ ಇಡಬಾರದು ಅನ್ನುವುದು ನನಗೆ ಹೊಸ ವಿಷಯ. ಅವು ವಾಂತಿ ಮಾಡಲಾರವು, ಹೊಟ್ಟೆ ಖಾಲಿ ಬಿಟ್ಟರೆ ಕರುಳಿನ ಚಲನೆ ನಿಲ್ಲುವ ಅಪಾಯ ಜಾಸ್ತಿ. ಮನೆಗೆ ಬಂದ ಮೇಲೂ ತಿನ್ನುತ್ತಾನಾ, ಹಿಕ್ಕೆ ಹಾಕುತ್ತಾನಾ ಅನ್ನುವುದೇ ನಮ್ಮ ಕಾವಲು.

ಗಂಡು ಮೊಲದಲ್ಲಿ ಆಪರೇಷನ್ ಆದ ಮೇಲೂ ನಾಲ್ಕರಿಂದ ಆರು ವಾರ ಬೀಜಶಕ್ತಿ ಉಳಿದಿರಬಹುದು. ಹಾರ್ಮೋನ್ ಇಳಿಯಲೂ ಅಷ್ಟು ಸಮಯ ಬೇಕು. ಅಲ್ಲಿವರೆಗೆ ಹೆಣ್ಣು ಮೊಲದ ಜೊತೆ ಬಿಡುವಂತಿಲ್ಲ. ಆಪರೇಷನ್ ಆದ ಗಂಡು, ಆಪರೇಷನ್ ಆದ ಹೆಣ್ಣು, ಈ ಜೋಡಿ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಹೆಣ್ಣಿಗೆ ಆಪರೇಷನ್ ಮಾಡಿಸುವುದಕ್ಕೆ ಇನ್ನೊಂದು ಕಾರಣವೂ ಇದೆ, ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಅವುಗಳಲ್ಲಿ ತುಂಬಾ ಸಾಮಾನ್ಯ.

ಅವನ ಜಾಗದ ಅಳತೆ ಹೊಸದಾಗಿ ಹಾಕಬೇಕಾಯಿತು. ಜೋಡಿ ಮೊಲಕ್ಕೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ ಬೇಕು ಅಂತ ಬ್ರಿಟನ್ನಿನ ಮೊಲಪ್ರೇಮಿ ಸಂಸ್ಥೆಗಳು ಹೇಳುತ್ತವೆ. ಹಿಂಗಾಲ ಮೇಲೆ ಎದ್ದು ನಿಂತಾಗ ಕಿವಿ ಮಡಚಬಾರದು, ಒಂದೇ ಓಟದಲ್ಲಿ ಕೆಲವು ಜಿಗಿತ ಸಾಧ್ಯವಾಗಬೇಕು. ಗಿನಿ ಪಿಗ್‌ಗೆ ಎತ್ತರ ಬೇಡ, ನೆಲ ಬೇಕು. ಹಳೇ ಗೂಡು ಇಬ್ಬರಿಗೂ ಹೊಂದದೆ ಇದ್ದದ್ದು ಏಕೆ ಅಂತ ಟೇಪ್ ಹಿಡಿದಾಗಲೇ ಸರಿಯಾಗಿ ಅರ್ಥವಾಯಿತು. ಮಲ್ಲ ಕೆರೆಯುವ ಚಟದವನು. ಅವನಿಗೆ ಅಂತಲೇ ಒಂದು ದೊಡ್ಡ ಡಬ್ಬದ ತುಂಬಾ ಹರಿದ ಕಾಗದ ಇಟ್ಟಿದ್ದೇನೆ. ನೆಲಹಾಸು ಉಳಿದಿದೆ, ಅರ್ಧ.

ಕೇಳಿದವರಿಗೆ ಉತ್ತರ

"ನಮ್ಮಲ್ಲಿ ವರ್ಷಗಳಿಂದ ಒಟ್ಟಿಗಿವೆ, ಏನೂ ಆಗಿಲ್ಲ, ಬೇರೆ ಮಾಡಲೇಬೇಕಾ?" ಅಂತ ಒಬ್ಬರು ಕೇಳಿದ್ದರು. ಹೊಸದಾಗಿ ಸಾಕುವವರಿಗಾದರೆ ನನ್ನ ಉತ್ತರ ನೇರ: ಒಟ್ಟಿಗೆ ಇಡಬೇಡಿ. ವಯಸ್ಸಾದ, ಒಗ್ಗಿಹೋದ ಜೋಡಿಯಾದರೆ ರಾತ್ರೋರಾತ್ರಿ ಕಿತ್ತು ಬೇರೆ ಮಾಡುವ ಮೊದಲು ಡಾಕ್ಟರ್ ಜೊತೆ ಮಾತಾಡಿ. ಅಲ್ಲಿವರೆಗೆ ಮೊಲಕ್ಕೆ ಆಪರೇಷನ್ ಆಗಿರಲಿ. ಮೊಲ ತೂರಲಾಗದಷ್ಟು ಚಿಕ್ಕ ಬಾಗಿಲಿನ ಅಡಗುತಾಣ ಗಿನಿ ಪಿಗ್‌ಗೆ ಇರಲಿ, ಅದರ ಊಟವೂ ಅಲ್ಲೇ ಒಳಗಿರಲಿ. ಗಿನಿ ಪಿಗ್ ಒಂದು ಸಲ ಸೀನಿದರೂ ಕಾಯದೆ ತೋರಿಸಿ.

ಮುಂದಿನ ಕೆಲಸ: ಮಲ್ಲನ ಆವರಣದ ಕೆಳಗಿನ ಮರದ ಪಟ್ಟಿಯನ್ನು ಅವನು ಆಗಲೇ ಕಡಿಯಲು ಶುರು ಮಾಡಿದ್ದಾನೆ, ಅದಕ್ಕೆ ಲೋಹದ ಅಂಚು ಹಾಕಬೇಕು. ಆಪರೇಷನ್ ಆದ ಒಂದು ಹೆಣ್ಣು ಮೊಲದ ವಿಚಾರ ಮಾತುಕತೆಯಲ್ಲಿದೆ. ಅವಳ ಕೆಳಗೆ ಹಾಸಿದ್ದ ಬಟ್ಟೆಯೊಂದನ್ನು ಕಳಿಸಿಕೊಟ್ಟಿದ್ದರು, ವಾಸನೆಯ ಪರಿಚಯ ಆಗಲಿ ಅಂತ. ಮಲ್ಲ ಅದರ ಮೇಲೆ ಗದ್ದ ಉಜ್ಜಿ ಉಜ್ಜಿ ತನ್ನದು ಅಂತ ಗುರುತು ಹಾಕಿಕೊಂಡ, ಆಮೇಲೆ ಒಂದು ಮೂಲೆ ತಿಂದ. ಬಟ್ಟೆ ತಿನ್ನದಂತೆ ಮುಂದಿನ ಸಲ ಅವಳ ಹುಲ್ಲನ್ನೇ ಒಂದು ಹಿಡಿ ಕೇಳಿದ್ದೇನೆ.