ಹೆದ್ರಿಕೆ ಎಷ್ಟೊತ್ತಿಗೆ ಬತ್ತು?

ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ. ಶಿರಸಿ, ಸಿದ್ದಾಪುರದ ಬದಿಯವರು ‘ಹೆದ್ರಿಕೆ ಎಷ್ಟೊತ್ತಿಗೆ ಬತ್ತು?’ ಎನ್ನುತ್ತಾರೆ. ಘಟ್ಟದ ಕೆಳಗಿನವರದ್ದು ಇನ್ನೂ ಅವಸರ: ‘ಎಷ್ಟನೇ ನಿಮಿಷ ಹೇಳಿ, ಅಲ್ಲಿಂದ್ಲೇ ನೋಡ್ತೆ.’

ಪ್ರಶ್ನೆ, ನೋಡಿ ಎಂದು ನಾನು ಹೇಳುತ್ತಿರುವ ‘ದಿ ಹೌಸ್ ಆಫ್ ದಿ ಡೆವಿಲ್’ ಬಗ್ಗೆ. ಟೀ ವೆಸ್ಟ್ ನಿರ್ದೇಶಿಸಿದ 2009ರ ಅಮೆರಿಕನ್ ಹಾರರ್ ಸಿನಿಮಾ, 95 ನಿಮಿಷದ್ದು. ಕತೆ ನಡೆಯುವುದು 1980ರ ದಶಕದಲ್ಲಿ. ಬಾಡಿಗೆಗೆ ದುಡ್ಡಿಲ್ಲದ ಕಾಲೇಜು ಹುಡುಗಿಯೊಬ್ಬಳು ಚಂದ್ರಗ್ರಹಣದ ರಾತ್ರಿ ಊರಾಚೆಯ ದೊಡ್ಡ ಮನೆಗೆ ಮಗು ನೋಡಿಕೊಳ್ಳುವ ಕೆಲಸಕ್ಕೆಂದು ಹೋಗುತ್ತಾಳೆ. ಹೋದ ಮೇಲೆ ಗೊತ್ತಾಗುವುದು, ನೋಡಿಕೊಳ್ಳಬೇಕಾದ್ದು ಮಗುವನ್ನಲ್ಲ, ಮಹಡಿಯ ಮೇಲಿರುವ ಮುದುಕಿಯನ್ನು ಅಂತ. ಆಮೇಲೆ ಬಹಳ ಹೊತ್ತು ಅವಳು ಆ ಮನೆಯೊಳಗೆ ಸುಮ್ಮನೆ ಓಡಾಡುತ್ತಾಳೆ. ಜನರಿಗೆ ಆಗಿಬರದಿರುವುದು ಈ ‘ಬಹಳ ಹೊತ್ತು’.

‘ಸ್ವಲ್ಪ ತಾಳ್ಮೆಯಿಂದ ನೋಡಿ’ ಅನ್ನುವುದು ಮರ್ಯಾದೆಯ ಉತ್ತರ. ಅದನ್ನು ಹೇಳಿ ಹೇಳಿ ಬಾಯಿ ಸವೆದಿದೆ. ಇನ್ನು ಮೇಲೆ ನಿಮಿಷ ಬೇಕಾದವರು ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಗೆ ಹೋಗಬಹುದು.

ಈ ಪ್ರಶ್ನೆಯ ತೊಂದರೆ ಏನೆಂದರೆ, ಕೇಳುವವರ ತಲೆಯಲ್ಲಿರುವುದು ಮಾರಿಕಾಂಬಾ ಜಾತ್ರೆಯ ತೊಟ್ಟಿಲು. ಎರಡು ವರ್ಷಕ್ಕೊಮ್ಮೆ ಬರುತ್ತದೆ, ಟಿಕೆಟ್ ಕೊಟ್ಟು ಹತ್ತುತ್ತೀರಿ, ಮೇಲಿಂದ ಕೆಳಗೆ ಬರುವಾಗ ಹೊಟ್ಟೆಯಲ್ಲಿ ಚುಳ್ ಎನ್ನುತ್ತದೆ, ಇಳಿದ ಮೇಲೆ ಮಿರ್ಚಿ ಭಜಿ. ಆ ‘ಚುಳ್’ ಕೊಡುವ ಸಿನಿಮಾ ಬೇಕಾದಷ್ಟಿವೆ, ಮಾಡುವುದೂ ಸುಲಭ. ಸದ್ದು ಪೂರ್ತಿ ಇಳಿಸಿ, ಒಂದೆರಡು ಕ್ಷಣ ಬಿಟ್ಟು, ಕನ್ನಡಿಯಲ್ಲಿ ಮುಖ ತೋರಿಸಿ, ಜತೆಗೇ ಪಿಟೀಲು ಕಿರುಚಿಸಿದರೆ ಆಯಿತು. ಬೆಕ್ಕು ಹಾರಿದರೂ ನಾವು ಬೆಚ್ಚುತ್ತೇವೆ. ಹಾಗಂತ ಬೆಕ್ಕಿಗೆ ಯಾರೂ ಹೆದರುವುದಿಲ್ಲ.

ಇನ್ನೂ ಸಿಟ್ಟು ಬರುವುದು ಇದನ್ನು ಯಕ್ಷಗಾನದ ಹುಚ್ಚಿರುವವರೇ ಕೇಳಿದಾಗ. ಬಣ್ಣದ ವೇಷದ ಒಡ್ಡೋಲಗ, ಅಂದರೆ ರಾಕ್ಷಸ ಮೊದಲ ಸಲ ರಂಗಕ್ಕೆ ಬರುವುದನ್ನು ನೋಡಿದವರಲ್ಲವೇ ನೀವು? ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು ತಾಸುಗಟ್ಟಲೆ ಬರೆದ ಮುಖವನ್ನು ರಾಕ್ಷಸ ಬಂದ ಕೂಡಲೇ ತೋರಿಸಿಬಿಡುತ್ತಾನೆಯೇ? ಇಬ್ಬರು ತೆರೆ ಹಿಡಿಯುತ್ತಾರೆ. ಒಳಗಿಂದ ಅಬ್ಬರ ಕೇಳುತ್ತದೆ. ಚಂಡೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ತೆರೆಯ ಅಂಚಿನ ಮೇಲೆ ಕಿರೀಟದ ತುದಿ, ಆಮೇಲೆ ಬೆರಳು. ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿನೊಳಗೆ ಹೋಗುವುದು ಆಗಲೇ. ತೆರೆ ಸರಿಯುವ ಹೊತ್ತಿಗೆ ಅರ್ಧ ಹೆದರಿಕೆ ಮುಗಿದಿರುತ್ತದೆ. ಕಾಲಮಿತಿ ಆಟದಲ್ಲಿ ಇದನ್ನೆಲ್ಲ ಕತ್ತರಿಸಿ ಹಾಕುತ್ತಾರೆಂದು ಗೊಣಗುವವರೇ ನನ್ನ ಹತ್ತಿರ ಬಂದು ನಿಮಿಷ ಕೇಳುತ್ತಾರೆ.

ಅಷ್ಟಾಗಿಯೂ ಕೇಳಿದರೆ ಉತ್ತರ ಇದೆ. ಸಿನಿಮಾ ಅರ್ಧವಾಗುವ ಮೊದಲೇ ಒಂದು ಕೊಲೆ ಆಗುತ್ತದೆ. ಯಾರದ್ದೆಂದು ಹೇಳುವುದಿಲ್ಲ. ಮುನ್ಸೂಚನೆ ಇಲ್ಲ, ಸಂಗೀತ ಇಲ್ಲ, ಮಾತಿನ ಮಧ್ಯೆ ಢಂ ಎಂದು ಮುಗಿದುಹೋಗುತ್ತದೆ. ಅದು ನಮಗೆ ಗೊತ್ತು, ಆ ಹುಡುಗಿಗೆ ಗೊತ್ತಿಲ್ಲ. ಅಲ್ಲಿಂದ ಮುಂದೆ ಅವಳು ಟೀವಿ ಹಾಕಿದರೂ, ಫೋನು ಎತ್ತಿದರೂ, ಪಿಜ್ಜಾ ತರಿಸಿದರೂ ಅವಳಿಗಾಗಿ ಹೆದರುವ ಕೆಲಸ ನಮ್ಮ ಪಾಲಿಗೆ ಬಿದ್ದಿರುತ್ತದೆ. ಇಷ್ಟಾದ ಮೇಲೂ ‘ಎಂತದೂ ಆಗ್ತೇ ಇಲ್ಯಲ’ ಎನ್ನುವವರು ಆ ಹೊತ್ತಿಗೆ ಮೊಬೈಲು ನೋಡುತ್ತಿದ್ದರು. ಬೇರೆ ಕಾರಣ ಇರಲು ಸಾಧ್ಯವಿಲ್ಲ.

‘ಅಷ್ಟು ಸಂಶಯ ಬಂದ ಮೇಲೂ ಅವಳು ಹೊರಟು ಬರುವುದಿಲ್ಲ ಯಾಕೆ’ ಎಂಬ ಉಪಪ್ರಶ್ನೆಗೆ ಉತ್ತರ ಚಿಕ್ಕದು: ಒಂದು ರಾತ್ರಿಗೆ 400 ಡಾಲರ್. ಬಾಡಿಗೆ ಕಟ್ಟಿ ಗೊತ್ತಿರುವವರು ಇದನ್ನು ಕೇಳುವುದಿಲ್ಲ.

‘ಎಷ್ಟೊತ್ತಿಗೆ’ ಬಿಟ್ಟು ‘ಎಲ್ಲಿ ನೋಡಬೇಕು’ ಎಂದು ಯಾರಾದರೂ ಕೇಳಿದ್ದರೆ ಚಹಾ ಮಾಡಿ ಕೂರಿಸಿ ಹೇಳುತ್ತಿದ್ದೆ.

ಮೊದಲು ಜೂಮ್ ನೋಡಿ. ಈಗಿನವರು ಹತ್ತಿರ ಹೋಗಬೇಕಾದರೆ ಹಳಿ ಹಾಕಿ ಟ್ರಾಲಿಯ ಮೇಲೆ ಕ್ಯಾಮೆರಾ ತಳ್ಳುತ್ತಾರೆ. ಆಗ ಕುರ್ಚಿ, ಕಂಬ, ಗೋಡೆ ಒಂದರ ಮುಂದೊಂದು ಸರಿದು ನಾವೇ ನಡೆದು ಹೋದ ಹಾಗಾಗುತ್ತದೆ. 1970ರ ದಶಕದ ಸಿನಿಮಾಗಳ ಹಾಗೆ ಇಲ್ಲಿ ಜೂಮ್ ಇದೆ. ಕ್ಯಾಮೆರಾ ನಿಂತಲ್ಲೇ ನಿಂತಿರುತ್ತದೆ, ಲೆನ್ಸಿನ ಫೋಕಲ್ ಲೆಂಗ್ತ್, ಅಂದರೆ ದೂರದ್ದನ್ನು ಎಷ್ಟು ಹಿಗ್ಗಿಸಿ ತೋರಿಸುತ್ತದೆಂಬ ಅಳತೆ ಮಾತ್ರ ಬದಲಾಗುತ್ತದೆ. ಹಿಂದಿನದು ಮುಂದಿನದಕ್ಕೆ ಅಂಟಿಕೊಂಡು ಚಿತ್ರ ಚಪ್ಪಟೆಯಾಗುತ್ತದೆ. ಯಾರೋ ಮರದ ಮರೆಯಲ್ಲಿ ಅಲ್ಲಾಡದೆ ನಿಂತು ಕಣ್ಣು ಕಿರಿದು ಮಾಡಿ ನೋಡಿದ ಹಾಗೆ. ಹಳೆಯದೆಂದು ತೋರಿಸಲು ವಾಕ್‌ಮನ್, ಸೊಂಟದ ಮೇಲಕ್ಕೇರುವ ಜೀನ್ಸ್ ಯಾರಾದರೂ ತಂದಾರು. ಹೆಸರು ಬೀಳುವಾಗ ಚಿತ್ರ ಗಕ್ಕನೆ ನಿಲ್ಲುವುದು, ಹಳದಿ ಅಕ್ಷರ, ಈ ಜೂಮ್, ಇವನ್ನೆಲ್ಲ ತರಲು ಆ ಕಾಲದ ಸಿನಿಮಾ ಮಾಡುವ ಕ್ರಮವೇ ಗೊತ್ತಿರಬೇಕು. ಪ್ರಚಾರಕ್ಕೆಂದು ವಿಎಚ್‌ಎಸ್ ಕ್ಯಾಸೆಟ್ಟನ್ನೂ ಹೊರತಂದಿದ್ದರು, 2010ರ ಸುಮಾರಿಗೆ!

ಎರಡನೆಯದು, ಖಾಲಿ ಜಾಗ. ಹುಡುಗಿಯನ್ನು ಚೌಕಟ್ಟಿನ ಒಂದು ಬದಿಗೆ ನಿಲ್ಲಿಸಿ ಉಳಿದ ಜಾಗವನ್ನು ಬಾಗಿಲಿಗೋ ಕತ್ತಲೆ ಮೆಟ್ಟಿಲಿಗೋ ಬಿಟ್ಟಿರುತ್ತಾರೆ. ಅಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಇಲ್ಲ ಅಂತ ಗೊತ್ತಾಗುವವರೆಗೆ ನೋಡಲೇಬೇಕಲ್ಲ.

ಕಿವಿಗೂ ಕೆಲಸ ಇದೆ. ವಾಕ್‌ಮನ್ ಹಾಕಿಕೊಂಡು ಅವಳು ಮನೆ ತುಂಬ ಕುಣಿಯುವ ದೃಶ್ಯ ಬಂದಾಗ ‘ಇದೆಂತಕ್ಕೆ’ ಎಂದು ಓಡಿಸುತ್ತೀರಿ. ಅಲ್ಲಿ ನಮಗೂ ಹಾಡೇ ಕೇಳುತ್ತದೆ. ಅಷ್ಟು ಹೊತ್ತು ಆ ಮನೆಯಲ್ಲಿ ಯಾವ ಹಲಗೆ ಕಿರ್ ಅಂದಿತೋ ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

‘ಪ್ರಿಂಟ್ ಸರಿ ಇಲ್ಲೆ’ ಎನ್ನುವವರಿಗೆ: ಪ್ರಿಂಟ್ ಸರಿ ಇದೆ. ಇದನ್ನು ತೆಗೆದದ್ದು 16 ಎಂಎಂ ಫಿಲ್ಮಿನಲ್ಲಿ. 35 ಎಂಎಂಗೆ ಹೋಲಿಸಿದರೆ ಅದರ ಚೌಕಟ್ಟಿನ ಉದ್ದಗಲ ಸುಮಾರು ಅರ್ಧ, ಅಂದರೆ ವಿಸ್ತೀರ್ಣ ಕಾಲುಭಾಗ. ಫಿಲ್ಮಿನ ಕಣ ಎರಡರಲ್ಲೂ ಅದೇ ಗಾತ್ರದ್ದು, ಹಿಗ್ಗಿಸುವುದು ಮಾತ್ರ ಹೆಚ್ಚು. ಹಾಗಾಗಿ ರವೆ ಎರಚಿದಂತೆ ಕಾಣುತ್ತದೆ. ಸೆಕೆಂಡಿಗೆ 24 ಚಿತ್ರ, ಒಂದೊಂದರಲ್ಲೂ ಈ ರವೆ ಜಾಗ ಬದಲಿಸುತ್ತದೆ. ಕತ್ತಲೆಯ ಮೂಲೆಯಲ್ಲಿ ಏನೋ ಅಲ್ಲಾಡಿತೆಂದು ಕಣ್ಣಿಗೆ ಅನಿಸುವುದು ಅದರಿಂದಲೇ.

ಇದನ್ನು ಹಾಳು ಮಾಡುವುದು ನಿಮ್ಮ ಟೀವಿ. ಅಂಗಡಿಯಲ್ಲಿದ್ದ ‘ವಿವಿಡ್’ ಮೋಡಿನಲ್ಲೇ ಇನ್ನೂ ಇದ್ದರೆ ಮೊದಲು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ ತಿರುಗಿಸಿ. ಆಮೇಲೆ ಚಲನೆ ನುಣುಪು ಮಾಡುವ ಸೌಲಭ್ಯ ಹುಡುಕಿ ಆಫ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ (ಹೊಸವುಗಳಲ್ಲಿ ಪಿಕ್ಚರ್ ಕ್ಲಾರಿಟಿ), ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಎಂಬ ಹೆಸರಿರುತ್ತದೆ. ಅದು 24 ಚಿತ್ರಗಳ ನಡುವೆ ಇಲ್ಲದ ಚಿತ್ರ ತುರುಕಿ ಸಿನಿಮಾವನ್ನು ಸಂಜೆಯ ಧಾರಾವಾಹಿ ಮಾಡುತ್ತದೆ. ನಾಯ್ಸ್ ರಿಡಕ್ಷನ್ ತೆಗೆಯದಿದ್ದರೆ ರವೆಯೆಲ್ಲ ಅಳಿಸಿ ಮುಖಗಳು ಮೇಣದ ಹಾಗಾಗುತ್ತವೆ. ಸದ್ದಿನ ಆಟೋ ವಾಲ್ಯೂಮ್, ನೈಟ್ ಮೋಡ್ ಎರಡೂ ಬೇಡ. ಅವು ಪಿಸುಮಾತನ್ನೂ ಕಿರುಚಾಟವನ್ನೂ ಒಂದೇ ಮಟ್ಟಕ್ಕೆ ತರುತ್ತವೆ. ಮೊದಲ ಹತ್ತು ನಿಮಿಷದ ಮಾತುಕತೆ ಸಲೀಸಾಗಿ ಕೇಳುವಷ್ಟು ವಾಲ್ಯೂಮ್ ಇಟ್ಟು ರಿಮೋಟ್ ಕೆಳಗಿಡಿ. ನೆಟ್ ನಿಧಾನವಿದ್ದರೆ ಕತ್ತಲೆಯೆಲ್ಲ ಚೌಕ ಚೌಕ ಒಡೆಯುತ್ತದೆ, ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಫೋನಿನ ಸ್ಪೀಕರಿನಲ್ಲಿ ತಗ್ಗಿನ ಗುಂಯ್ ಸದ್ದು ಬರುವುದೇ ಇಲ್ಲ, ಕನಿಷ್ಠ ಇಯರ್‌ಫೋನ್ ಹಾಕಿ.

ಅಡುಗೆಮನೆಯ ಟ್ಯೂಬ್‌ಲೈಟ್ ಪರದೆಯಲ್ಲಿ ಹೊಳೆದರೆ ಅದನ್ನೂ ಆರಿಸಿ. ಆಷಾಢದಲ್ಲಿ, ತಗಡಿನ ಮಾಡಿನ ಕೆಳಗೆ, ದಯವಿಟ್ಟು ನೋಡಬೇಡಿ. ಆ ಮಳೆಯಲ್ಲಿ ಹಲಗೆಯ ಕಿರ್ ಇರಲಿ, ಕಿರುಚಿದ್ದೂ ಕೇಳುವುದಿಲ್ಲ. ಸಿನಿಮಾದ ಆ ಮನೆಯಲ್ಲಿ ಇರುವುದು ಲ್ಯಾಂಡ್‌ಲೈನ್ ಒಂದೇ, ಸಹಾಯಕ್ಕೆ ಯಾರೂ ಸಿಗುವುದಿಲ್ಲ ಎಂಬುದು ಪೇಟೆಯವರಿಗೆ ವಿವರಿಸಿ ಹೇಳಬೇಕಾದ ಸಂಗತಿ. ಮಳೆಗಾಲಕ್ಕೆ ವಾರಗಟ್ಟಲೆ ನೆಟ್‌ವರ್ಕ್ ಹೋಗುವ ನಮ್ಮ ಕಡೆ ಅದಕ್ಕೆ 1980ರ ದಶಕ ಬೇಕಿಲ್ಲ.

ಯಾರೂ ಕೇಳದ ಇನ್ನೊಂದನ್ನು ನಾನೇ ಹೇಳುತ್ತೇನೆ. ಈ ಸಿನಿಮಾದ ಕೊನೆ ನನಗೆ ಅಷ್ಟಾಗಿ ಸೇರುವುದಿಲ್ಲ. ಅಷ್ಟು ಹೊತ್ತು ತೆರೆ ಹಿಡಿದವರು ಆಮೇಲೆ ಎಲ್ಲವನ್ನೂ ಒಟ್ಟಿಗೇ ತೋರಿಸುವ ಅವಸರಕ್ಕೆ ಬೀಳುತ್ತಾರೆ. ನೀವು ನಿಮಿಷ ಕೇಳುವ ರಕ್ತ, ಓಟ, ಕಿರುಚಾಟ ಎಲ್ಲ ಅಲ್ಲಿದೆ. ಬೇಕಾದರೆ ಅಲ್ಲಿಂದಲೇ ನೋಡಿ. ಆ ಹೊತ್ತಿಗೆ ನಾನು ಎದ್ದು ಹೋಗಿ ನೀರು ಕುಡಿದು ಬರುತ್ತೇನೆ.