ಇಬ್ಬರು ಮೇಷ್ಟ್ರ ಶಾಲೆಯಲ್ಲಿ ಹೆಡ್ ಮೇಷ್ಟ್ರು ಯಾರು?

ಪಾವಗಡ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ವರ್ಷಗಟ್ಟಲೆ ಪ್ರಭಾರ ಮುಖ್ಯ ಶಿಕ್ಷಕನಾಗಿದ್ದೆ. ಈಗ ತುಮಕೂರು ನಗರದ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಹಶಿಕ್ಷಕ. ಹಳ್ಳಿ ಶಾಲೆಗೂ ಪೇಟೆ ಶಾಲೆಗೂ ಏನು ವ್ಯತ್ಯಾಸ ಅಂತ ಕೇಳಿದರೆ ಜನ ಕಟ್ಟಡ, ಶೌಚಾಲಯ, ಕಂಪ್ಯೂಟರ್ ಲೆಕ್ಕ ಹೇಳುತ್ತಾರೆ. ಅದೆಲ್ಲ ಇರುವುದೇ. ಆದರೆ ಎರಡೂ ಕಡೆ ದುಡಿದ ನನಗೆ ಹೆಚ್ಚು ಚುಚ್ಚಿದ್ದು, ಪೇಟೆಯಲ್ಲಿ ಶಾಲೆ ನೋಡಿಕೊಳ್ಳಲು ಅಂತಲೇ ಒಬ್ಬರಿದ್ದಾರೆ, ಹಳ್ಳಿಯಲ್ಲಿ ಪಾಠ ಮಾಡಬೇಕಾದವರೇ ಪಾಠ ಬಿಟ್ಟು ಅದನ್ನು ನೋಡಿಕೊಳ್ಳಬೇಕು ಅನ್ನೋದು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಒಂದರಿಂದ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಪ್ರತ್ಯೇಕ ಮುಖ್ಯ ಶಿಕ್ಷಕರು ಬೇಕಾದರೆ 150 ಮಕ್ಕಳು ದಾಟಬೇಕು. ನಮ್ಮ ಹಟ್ಟಿ, ತಾಂಡಾಗಳಲ್ಲಿ ಅಷ್ಟು ಮಕ್ಕಳನ್ನು ಎಲ್ಲಿಂದ ತರೋಣ? ಮಕ್ಕಳು ಕಮ್ಮಿ ಅಂತ ಕೆಲಸವೇನೂ ಕಮ್ಮಿಯಾಗಲ್ಲ. ಸ್ಯಾಟ್ಸ್ ಅನ್ನೋ ಆನ್‌ಲೈನ್ ದಾಖಲೆಯಲ್ಲಿ ಮಕ್ಕಳ ಹಾಜರಾತಿ, ಯುಡೈಸ್ ಅನ್ನೋ ಶಾಲಾ ಅಂಕಿ-ಅಂಶ, ಅಕ್ಷರ ದಾಸೋಹದ (ಬಿಸಿಯೂಟದ) ಲೆಕ್ಕ, ಕ್ಷೀರಭಾಗ್ಯದ ಹಾಲಿನ ಪುಡಿ, ಮೊಟ್ಟೆ ಖರೀದಿ, ಸಿಲಿಂಡರ್ ಬಿಲ್ಲು ಎಲ್ಲವೂ ಇಪ್ಪತ್ತು ಮಕ್ಕಳ ಶಾಲೆಗೂ ಇವೆ. ಚುನಾವಣೆ, ಜನಗಣತಿ ಬಂದರೆ ಅದೂ ನಮ್ಮ ತಲೆ ಮೇಲೇ.

ಒಂದು ಬೆಳಿಗ್ಗೆ ಹೇಗಿರುತ್ತಿತ್ತು ಅಂದರೆ, ಜೊತೆಯ ಮೇಡಂ ತರಬೇತಿಗೆ ಹೋಗಿದ್ದಾರೆ. ಒಂದು ಕೋಣೆಯಲ್ಲಿ ಒಂದರಿಂದ ಮೂರರವರೆಗಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಾರ್ಡುಗಳಿಂದ ಕಲಿಸುವ ನಲಿ-ಕಲಿ, ಪಕ್ಕದ್ದರಲ್ಲಿ ನಾಲ್ಕು, ಐದು. ನಾನು ಮಗುವಿಗೆ 100 ಗ್ರಾಂ ಲೆಕ್ಕದಲ್ಲಿ ಅಕ್ಕಿ ತೂಗಿಸಿ ಬರುವಷ್ಟರಲ್ಲಿ ವಾಟ್ಸಾಪಿನಲ್ಲಿ ‘ತುರ್ತು, ಮಧ್ಯಾಹ್ನದೊಳಗೆ ಮಾಹಿತಿ ಕೊಡಿ’ ಅಂತ ಬಂದಿರುತ್ತದೆ. ಕಳೆದ ತಿಂಗಳು ಕೊಟ್ಟ ಮಾಹಿತಿಯೇ, ನಮೂನೆ ಮಾತ್ರ ಹೊಸದು. ಸಿಗ್ನಲ್ ಸಿಗೋದು ಗೇಟಿನ ಹತ್ತಿರ. ನಾನು ಅಲ್ಲಿ ಫೋನ್ ಹಿಡಿದು ನಿಂತಿದ್ದರೆ, ಒಳಗೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಚಿಕ್ಕವರಿಗೆ ಕಾರ್ಡು ತೋರಿಸಿ ಓದಿಸುತ್ತಿದ್ದಳು. ಆ ಮಕ್ಕಳ ಮನೆಮಾತು ತೆಲುಗು. ಕನ್ನಡ ಅಕ್ಷರ ಕಲಿಯುವಾಗ ದೊಡ್ಡವರೊಬ್ಬರು ಪಕ್ಕದಲ್ಲಿ ಕೂರಲೇಬೇಕಾದ ಮಕ್ಕಳು. ಆ ಹುಡುಗಿಗೂ ಅವಳದೇ ಪಾಠವಿತ್ತಲ್ಲ.

ತುಮಕೂರಿಗೆ ಬಂದ ಹೊಸದರಲ್ಲಿ ನಮ್ಮ ಮುಖ್ಯ ಶಿಕ್ಷಕಿ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಪೂರ್ತಿ ಪೀರಿಯಡ್ ಕೇಳಿದರು. ಆಮೇಲೆ ಕರೆದು, ‘ಕಿಟಕಿ ಪಕ್ಕದ ಮೂರು ಜನಕ್ಕೆ ದಶಕ ತಗೊಂಡು ಕಳೆಯೋದು ಬರ್ತಿಲ್ಲ, ನೋಡಿದ್ರಾ ಸರ್?’ ಅಂದರು. ನನ್ನ ಸರ್ವೀಸಿನಲ್ಲಿ ಹಾಗೆ ಕೂತು ನೋಡಿ ಹೇಳಿದ ಮೊದಲಿಗರು ಅವರು. ಪಾವಗಡದಲ್ಲಿ ನನ್ನ ಜೊತೆಯವರ ಪಾಠ ನಾನು ಯಾವಾಗ ನೋಡಲಿ? ಸುತ್ತಲಿನ ಶಾಲೆಗಳ ಗುಂಪಿಗೆ, ಅಂದರೆ ಕ್ಲಸ್ಟರಿಗೆ, ಮಾರ್ಗದರ್ಶನ ಮಾಡಬೇಕಾದ ಸಿಆರ್‌ಪಿ ಬಂದರೆ ಅವರಿಗೂ ಅಂಕಿ-ಅಂಶದ್ದೇ ಅವಸರ.

ಹಳ್ಳಿಯಲ್ಲಿ ಕೈಹಿಡಿದದ್ದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ನಮ್ಮ ರಾಜ್ಯದಲ್ಲಿ ಅದು 2001ರಿಂದ ಇದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದೆ. ನಮ್ಮ ಅಧ್ಯಕ್ಷೆ ಕೂಲಿಗೆ ಹೋಗುವವರು. ‘ಹಗಲೊತ್ತು ಮೀಟಿಂಗ್ ಇಟ್ರೆ ನನ್ ಕೂಲಿ ಯಾರ್ ಕೊಡ್ತಾರೆ ಸಾ?’ ಅಂದರು. ಕಡಲೆಕಾಯಿ ಕೀಳುವ ಕಾಲದಲ್ಲಂತೂ ಊರಲ್ಲಿ ಯಾರೂ ಸಿಗಲ್ಲ. ಸಭೆಯನ್ನು ಸಂಜೆ ದೀಪ ಹಚ್ಚುವ ಹೊತ್ತಿಗೆ ಅರಳಿಕಟ್ಟೆಗೆ ತಂದೆವು. ರುಜು ಹಾಕಿ ಹೋಗುತ್ತಿದ್ದವರು ಬಾಯಿ ಬಿಟ್ಟರು. ‘ಮಂಗಳವಾರ ನೀವಿಬ್ರೂ ಇರ್ಲಿಲ್ವಂತೆ, ಯಾಕೆ?’ ಅಂತ ಕೇಳಿದರು. ಒಬ್ಬರಿಗೆ ತರಬೇತಿ, ಒಬ್ಬರಿಗೆ ಮೀಟಿಂಗ್ ಅಂದೆ. ಅಂದೇ ಠರಾವು ಬರೆದು ತಾಲ್ಲೂಕಿಗೆ ಕಳಿಸಿದರು: ಒಂದೇ ದಿನ ಇಬ್ಬರನ್ನೂ ಕರೆಯಬೇಡಿ. ಅಕ್ಕಿ ತೂಗಿ ಬರೆದುಕೊಳ್ಳುವ ಕೆಲಸವನ್ನು ತಾಯಂದಿರು ಸರದಿ ಮೇಲೆ ಹೊತ್ತುಕೊಂಡರು. ನನಗೆ ಬೆಳಗಿನ ಮೊದಲ ಪೀರಿಯಡ್ ವಾಪಸ್ ಸಿಕ್ಕಿತು.

ಆದರೂ ಇದು ಕೂಲಿಯವರ ಬೆನ್ನ ಮೇಲೆ ಹೊರಿಸಿ ಸುಮ್ಮನಾಗುವ ವಿಷಯವಲ್ಲ. ಗ್ರಾಮ ಪಂಚಾಯ್ತಿಗೆ ಡಾಟಾ ಎಂಟ್ರಿ ಆಪರೇಟರ್ ಇದ್ದಾರೆ. ಅದೇ ಪಂಚಾಯ್ತಿಯ ಶಾಲೆಗಳಿಗೆಲ್ಲ ಸೇರಿ ಒಬ್ಬ ಗುಮಾಸ್ತರೂ ಇಲ್ಲ. ಕ್ಲಸ್ಟರಿಗೆ ಒಬ್ಬರನ್ನು ಕೊಡಿ, ಒಮ್ಮೆ ಕೊಟ್ಟ ಮಾಹಿತಿಯನ್ನು ಮತ್ತೆ ಕೇಳಬೇಡಿ. ಎರಡು ಶಿಕ್ಷಕರ ಶಾಲೆಯಲ್ಲಿರುವ ಗೆಳೆಯರಿಗೆ ನನ್ನದೊಂದು ವಿನಂತಿ: ಪಾಠ ಬಿಟ್ಟು ಬೇರೆ ಕೆಲಸಕ್ಕೆ ಹೋದ ಪ್ರತಿ ಪೀರಿಯಡ್ಡನ್ನೂ ತಾರೀಖು ಸಮೇತ ಬರೆದಿಡಿ, ತಿಂಗಳ ಕೊನೆಗೆ ಎಸ್‌ಡಿಎಂಸಿ ಸಭೆಯಲ್ಲಿ ಓದಿ, ನಡಾವಳಿ ಪುಸ್ತಕಕ್ಕೆ ಏರಿಸಿ.